ಸತ್ತಾವೀಸ್ ಅಂದರೆ ಎಷ್ಟು?

ನಾನು ಧಾರವಾಡ ಬಿಟ್ಟು ಪುಣೆಗೆ ಬಂದು ಮೂವತ್ತು ವರ್ಷ ದಾಟಿತು. ಮರಾಠಿ ನೀರು ಕುಡಿದಷ್ಟು ಸಲೀಸು. ಆದರೂ ಮಂಡಈಯಲ್ಲಿ ತರಕಾರಿಯವಳು 'ತ್ರೇಸಷ್ಟ' ಅಂದಾಗ, 36ಓ 63ಓ ಅಂತ ಒಂದು ಕ್ಷಣ ತಡವರಿಸುತ್ತೇನೆ. ನಿಮಗೂ ಹೀಗಾಗುತ್ತಾ?

ಕಾರಣ ಸರಳ. ಕನ್ನಡದಲ್ಲಿ 'ಇಪ್ಪತ್ತೇಳು': ಹತ್ತು ಮೊದಲು, ಬಿಡಿ ಆಮೇಲೆ. ಬರೆಯುವುದೂ ಹಾಗೇ. ಮರಾಠಿಯ 'ಸತ್ತಾವೀಸ್' ಸಂಸ್ಕೃತದ 'ಸಪ್ತವಿಂಶತಿ'ಯ ಕ್ರಮ: ಏಳು ಮೊದಲು, ಇಪ್ಪತ್ತು ಆಮೇಲೆ. ಕಿವಿಗೆ ಮೊದಲು ಬೀಳುವುದು ಬಲಗಡೆಯ ಅಂಕಿ, ಕೈ ಬರೆಯಬೇಕಾದದ್ದು ಎಡಗಡೆಯದು!

ಮಗಳು ಇಲ್ಲಿ ಎರಡನೇ ಇಯತ್ತೆಯಲ್ಲಿದ್ದಾಗ 27ರ ಬದಲು 72 ಬರೆದು ತಂದಿದ್ದಳು. "ಲಕ್ಷ್ಯ ಎಲ್ಲದ ನಿಂದು?" ಅಂತ ಬೈದೆ. "ಅಪ್ಪಾ, ಟೀಚರ್ 'ಸಾತ್' ಮೊದಲ ಅಂದ್ರಲ್ಲ?" ಅಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಇನ್ನಷ್ಟು ಬೈದೆ.

ಉತ್ತರ ಸಿಕ್ಕಿದ್ದು 2019ರ ಜೂನ್‌ನಲ್ಲಿ. ಪುಣೆಯ ಬಾಲಭಾರತಿ ಸಂಸ್ಥೆಯ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ 'ಏಕವೀಸ್' ಜೊತೆಗೆ 'ವೀಸ್ ಏಕ್' ಅನ್ನುವ ಕ್ರಮವೂ ಬಂತು. ಟಿವಿಯಲ್ಲಿ, ವಿಧಾನಸಭೆಯಲ್ಲಿ ಗೇಲಿಯೋ ಗೇಲಿ, ಮರಾಠಿ ಕೆಟ್ಟಿತು ಅಂತ ಕೂಗು. ಗಣಿತ ಸಮಿತಿಯ ಅಧ್ಯಕ್ಷೆ, ಗಣಿತಜ್ಞೆ ಮಂಗಲಾ ನಾರಳೀಕರ್ ಶಾಂತವಾಗಿ ವಿವರಿಸಿದರು: ಹಳೆಯದನ್ನು ತೆಗೆದಿಲ್ಲ, ಮಕ್ಕಳಿಗೆ ಸುಲಭವಾಗಲಿ ಅಂತ ಹೊಸದನ್ನು ಸೇರಿಸಿದ್ದೇವೆ. ದಕ್ಷಿಣದ ನಮ್ಮ ಭಾಷೆಗಳಲ್ಲಿ ಇರುವುದು ಇದೇ ಕ್ರಮ ತಾನೆ?

ಜರ್ಮನ್ ಭಾಷೆಯೂ ಮರಾಠಿಯ ಹಾಗೇ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಸ್ಟ್ರಿಯಾದ ಒಂದನೇ ತರಗತಿಯ ಮಕ್ಕಳು ಸಂಖ್ಯೆ ಬರೆಯುವಾಗ ಮಾಡಿದ ತಪ್ಪುಗಳಲ್ಲಿ ಸುಮಾರು ಅರ್ಧ ಈ ತಿರುಗುಮುರುಗಿಗೆ ಸಂಬಂಧಿಸಿದವು. ದೊಡ್ಡವರ ತಲೆಯಲ್ಲೂ ಸಂಖ್ಯೆಗೆ ಎಡ-ಬಲ ಉಂಟು. ಫ್ರಾನ್ಸಿನ ಸ್ಟಾನಿಸ್ಲಾಸ್ ದೆಹಾನ್ ಮತ್ತು ಸಂಗಡಿಗರು 1993ರಲ್ಲಿ ತೋರಿಸಿದ್ದು: ಸಮ-ಬೆಸ ಹೇಳಿ ಅಂದರೆ ಸಣ್ಣ ಅಂಕಿಗೆ ಎಡಗೈ, ದೊಡ್ಡದಕ್ಕೆ ಬಲಗೈ ಬೇಗ ಗುಂಡಿ ಒತ್ತುತ್ತದೆ. ಅಂಕಿ ನೋಡಿದರೆ ಸಾಕು, ಗಮನವೇ ಆ ಕಡೆ ವಾಲುತ್ತದೆ ಅಂತ 2003ರಲ್ಲಿ ಇನ್ನೊಂದು ಸಂಶೋಧನೆ ಹೇಳಿತು. 2020ರಲ್ಲಿ ಹಲವು ಪ್ರಯೋಗಾಲಯಗಳು ಸೇರಿ ಮತ್ತೆ ಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ. ವಿಜ್ಞಾನವೂ ಬರೆದದ್ದನ್ನು ಒರೆಸಿ ಬರೆಯುತ್ತದೆ.

ನಾರಳೀಕರ್ 2023ರ ಜುಲೈನಲ್ಲಿ ತೀರಿಕೊಂಡರು. ಆ ಸುದ್ದಿ ಓದಿದ ದಿನ ಮಗಳಿಗೆ ಫೋನ್ ಮಾಡಿ, "ಅವತ್ತು ನಿನ್ನ ಲಕ್ಷ್ಯ ಸರಿಯಾಗೇ ಇತ್ತವ್ವಾ, ನಂದೇ ತಪ್ಪು" ಅಂದೆ. ನಕ್ಕಳು. "ಅಪ್ಪಾ, ನಾ ಈಗ್ಲೂ ಲೆಕ್ಕ ಮಾಡೋದು ಮರಾಠಿಯೊಳಗ" ಅಂದಳು.

ನಾನಿನ್ನೂ ಕನ್ನಡದಲ್ಲೇ ಎಣಿಸುತ್ತೇನೆ. ನೀವು?