ತೆರೆಯದ ಕಿಟಕಿ

ಹಂದಿಜ್ವರಕ್ಕೆ ಭಾರತದಲ್ಲಿ ಮೊದಲ ಬಲಿಯಾದದ್ದು ನಮ್ಮ ಪುಣೆಯ ಶಾಲಾಬಾಲಕಿ. 2009ರ ಆಗಸ್ಟ್ 3ರಂದು. ಕೆಲವೇ ದಿನಗಳಲ್ಲಿ ಶಾಲೆ, ಚಿತ್ರಮಂದಿರಗಳು ಬಾಗಿಲು ಹಾಕಿದವು. ಗಂಟಲುದ್ರವದ ಪರೀಕ್ಷೆಗೆ ಊರು ನಂಬಿದ್ದು ಇಲ್ಲಿಯ ರಾಷ್ಟ್ರೀಯ ವೈರಾಣು ಸಂಸ್ಥೆಯನ್ನು. ಮಲೆನಾಡಿನ ಮಂಗನ ಕಾಯಿಲೆಯ ವೈರಾಣುವನ್ನು 1957ರಲ್ಲಿ ಗುರುತಿಸಿದ ಸಂಸ್ಥೆಯೂ ಇದೇ ಎಂಬುದು ಕನ್ನಡಿಗರಾದ ನಮಗೆ ನೆನಪಿರಬೇಕು.

ಮಾಸ್ಕ್ ಸಿಗದವರು ಕರವಸ್ತ್ರ ಕಟ್ಟಿಕೊಂಡರು, ನಾವೂ ಕಟ್ಟಿಕೊಂಡೆವು. ಆದರೆ ತಂಪು ಸೋರಿಹೋದೀತೆಂದು ಕಚೇರಿಯ ಕಿಟಕಿಯನ್ನು ಮಾತ್ರ ತೆರೆಯಲಿಲ್ಲ. ಗೋಡೆಗೆ ತೂಗುಹಾಕಿದ ಸಾಮಾನ್ಯ ಎ.ಸಿ. ಹೊರಗಿನ ಗಾಳಿಯನ್ನು ತರುವುದಿಲ್ಲ, ಒಳಗಿನದನ್ನೇ ಸುತ್ತಿಸಿ ತಣಿಸುತ್ತದೆ. ಒಬ್ಬರು ಬಿಟ್ಟ ಉಸಿರು ಎಲ್ಲರ ಪಾಲು. ಕೊರೊನಾ ಮುಚ್ಚಿದ ಕೋಣೆಯ ಗಾಳಿಯಲ್ಲಿ ತೇಲಿ ಹರಡಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಬರೆದದ್ದು 2021ರಲ್ಲಿ. ನಮ್ಮ ಕಿಟಕಿಯ ತುಕ್ಕು ಹಿಡಿದ ಚಿಲಕಕ್ಕೆ ಎಣ್ಣೆ ಬಿದ್ದದ್ದೂ ಆಮೇಲೆಯೇ.