ಹವ್ಯಾಸ, ಛಂದ, ವಿನೋದ

ಬಿಡುವಿನ ವೇಳೆಯ ಸಂತೋಷಗಳಿಗೆ ಹಿಂದೆ 'ವಿನೋದ'ವೆಂಬ ಹೆಸರಿದ್ದಿತು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲಯುದ್ಧ, ಮೀನುಬೇಟೆ, ಗೀತ, ನೃತ್ಯಗಳೆಲ್ಲವೂ ಅರಸನ ವಿನೋದಗಳೇ. ಇಂದು ನಾವು 'ಹವ್ಯಾಸ'ವೆನ್ನುತ್ತೇವೆ.

ಆದರೆ ಕನ್ನಡವೂ ಮರಾಠಿಯೂ ಒಂದೇ ಬೀದಿಯಲ್ಲಿ ನಡೆದಾಡುವ ಖಾನಾಪುರದಲ್ಲಿ 'ಸಂಗೀತವು ನನ್ನ ಹವ್ಯಾಸ'ವೆಂದರೆ, ಮರಾಠಿಯ ಕಿವಿಗೆ ಅದು ದುರಾಸೆಯೆಂದು ಕೇಳಿಸೀತು. ಆ ನುಡಿಯಲ್ಲಿ ಹವ್ಯಾಸಕ್ಕೆ 'ಛಂದ'ವೆಂದು ಹೆಸರು; ನಮಗಾದರೋ ಛಂದವು ಪದ್ಯದ ಕಟ್ಟು. ಆದರೂ 'ಸ್ವಚ್ಛಂದ'ವೆನ್ನುವಾಗ, ಛಂದಕ್ಕೆ ಇಚ್ಛೆಯೆಂಬ ಅರ್ಥವನ್ನು ನಾವೂ ಉಳಿಸಿಕೊಂಡಿದ್ದೇವೆ.

1956ರಲ್ಲಿ ಈ ಸೀಮೆಯು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರನ್ನು ಸೇರಿತು. ರಾಜ್ಯದ ಎಲ್ಲೆ ಬದಲಾದರೂ ಮಾತಿನ ನಂಟು ಕಡಿಯಲಿಲ್ಲ. ಆದುದರಿಂದ ನೆರೆಯವನ ಮಾತಿಗೆ ಮುನಿಯುವ ಮೊದಲು, ಅದು ಅವನ ಮನೆಯಲ್ಲಿ ಏನನ್ನು ಹೇಳುವುದೆಂದು ವಿಚಾರಿಸುವುದು ಲೇಸು. ಬಿಡುವಿಗೆ ಅದಕ್ಕಿಂತ ಒಳ್ಳೆಯ ವಿನೋದವುಂಟೆ?