ರಾಣಿ ಕಟ್ಟಿಸದ ರಾಣಿಯ ಚಾಪೆಲ್

ಎಡಿನ್‌ಬರೋ ಕೋಟೆ ನಿಂತಿರುವುದು ಸುಮಾರು 35 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಯೊಂದರ ಗಂಟಲಲ್ಲಿ ಹೆಪ್ಪುಗಟ್ಟಿದ ಬಂಡೆಯ ಮೇಲೆ. ಮೂರು ದಿಕ್ಕಿಗೆ ಕಡಿದಾದ ಪ್ರಪಾತ, ಪೂರ್ವಕ್ಕೆ ಮಾತ್ರ ಇಳಿಜಾರು. ನೆತ್ತಿಯ ಮೇಲಿನ ಕಟ್ಟಡಗಳಲ್ಲೆಲ್ಲ ಹಳೆಯದು ಸೇಂಟ್ ಮಾರ್ಗರೆಟ್ ಚಾಪೆಲ್. ಇಪ್ಪತ್ತೈದು ಜನ ಕೂತರೆ ತುಂಬಿಹೋಗುವ ಈ ಕಲ್ಲುಕೋಣೆಯನ್ನು ಒಂದೊಂದು ತಲೆಮಾರು ಒಂದೊಂದು ರೀತಿ ಓದಿದೆ. ಇಡೀ ಕೋಟೆಯ ಇತಿಹಾಸ ಬರೆಯುವ ಕ್ರಮ ಹೇಗೆ ಬದಲಾಯಿತು ಎಂಬುದು ಆ ಓದುಗಳಲ್ಲೇ ಕಾಣುತ್ತದೆ.

ಮೊದಲ ಓದು ಐತಿಹ್ಯದ್ದು. ಸ್ಕಾಟ್ಲೆಂಡಿನ ರಾಣಿ ಮಾರ್ಗರೆಟ್ ಇದೇ ಕೋಟೆಯಲ್ಲಿ ತೀರಿಕೊಂಡದ್ದು 1093ರ ನವೆಂಬರ್ 16ರಂದು, ಗಂಡ ಮೂರನೇ ಮಾಲ್ಕಮ್ ಆನಿಕ್ ಬಳಿ ಹತನಾದ ಸುದ್ದಿ ಮುಟ್ಟಿದ ಮೇಲೆ. ಹೊರಗೆ ಶತ್ರುಗಳ ಮುತ್ತಿಗೆ. ಮಂಜು ಕವಿದ ಹೊತ್ತಿನಲ್ಲಿ ಅವಳ ದೇಹವನ್ನು ಪಶ್ಚಿಮದ ಕಡೆಯಿಂದ ಇಳಿಸಿ ಡನ್‌ಫರ್ಮ್‌ಲಿನ್‌ಗೆ ಒಯ್ದರೆಂದು ಮಧ್ಯಯುಗದ ಬರಹಗಾರರು ಹೇಳುತ್ತಾರೆ. 1250ರಲ್ಲಿ ಪೋಪ್ ಅವಳನ್ನು ಸಂತಳೆಂದು ಘೋಷಿಸಿದ ಬಳಿಕ ಕಥೆಗೆ ಇನ್ನಷ್ಟು ಬಲ ಬಂತು. ಚಾಪೆಲ್ ಕಟ್ಟಿಸಿದವಳೂ ಅವಳೇ ಎಂದು ಜನ ನಂಬಿದರೆ ಅಚ್ಚರಿಯೇನೂ ಇಲ್ಲ.

ಮುಂದೆ ಚಾಪೆಲ್ ಯುದ್ಧಗಳನ್ನೂ ಕಂಡಿತು. 1314ರ ಮಾರ್ಚ್‌ನಲ್ಲಿ ಸ್ಕಾಟಿಷ್ ಸರದಾರ ಥಾಮಸ್ ರ್‍ಯಾಂಡಲ್ಫ್‌ನ ಕಡೆಯವರು ಮೂವತ್ತು ಜನ, ದಾರಿ ಬಲ್ಲವನೊಬ್ಬನನ್ನು ಮುಂದಿಟ್ಟುಕೊಂಡು, ರಾತ್ರಿ ಉತ್ತರದ ಬಂಡೆ ಹತ್ತಿ ಇಂಗ್ಲಿಷರಿಂದ ಕೋಟೆಯನ್ನು ಕಸಿದರು. ಶತ್ರುಗಳಿಗೆ ಮತ್ತೆ ಉಪಯೋಗವಾಗಬಾರದೆಂದು ದೊರೆ ರಾಬರ್ಟ್ ಬ್ರೂಸ್ ಕೋಟೆಯನ್ನು ಕೆಡವಿಸಿದ, ಚಾಪೆಲ್ ಉಳಿಯಿತು. 1329ರಲ್ಲಿ ಸಾಯುವ ಮುನ್ನ ಅದರ ದುರಸ್ತಿಗೆಂದು 40 ಪೌಂಡ್ ತೆಗೆದಿಡಿಸಿದನಂತೆ. ಆದರೆ 1560ರ ಪ್ರಾಟೆಸ್ಟೆಂಟ್ ಸುಧಾರಣೆಯ ನಂತರ ಸಂತರಿಗೆ ಇಲ್ಲಿ ಬೆಲೆ ಉಳಿಯಲಿಲ್ಲ. ಚಾಪೆಲ್ ಮದ್ದಿನಮನೆಯಾಯಿತು. 1571ರಿಂದ 1573ರವರೆಗಿನ ದೀರ್ಘ ಮುತ್ತಿಗೆಯಲ್ಲಿ ಫಿರಂಗಿ ಏಟಿಗೆ ಕೋಟೆಯ ಡೇವಿಡ್ ಗೋಪುರ ಉರುಳಿತು. ಅದರ ಅವಶೇಷದ ಮೇಲೆಯೇ ಹಾಫ್ ಮೂನ್ ಬ್ಯಾಟರಿ ಎಂಬ ಫಿರಂಗಿ ಕಟ್ಟೆ ಎದ್ದಿತು. ಅಲ್ಲಿಂದ ಮುಂದೆ ಕೋಟೆ ಅರಮನೆಗಿಂತ ಹೆಚ್ಚಾಗಿ ಸೈನಿಕರ ಠಾಣೆ. ಕೋಟೆಯೊಳಗಿದ್ದ ಸೇಂಟ್ ಮೇರಿ ಚರ್ಚನ್ನು 1755ರಲ್ಲಿ ಕೆಡವಿ ಬ್ಯಾರಕ್ಸ್ ಕಟ್ಟಿದರು.

ಕೋಟೆಯನ್ನು ಇತಿಹಾಸವಾಗಿ ನೋಡುವ ಹಂಬಲ ಹತ್ತೊಂಬತ್ತನೇ ಶತಮಾನದ್ದು. 1818ರಲ್ಲಿ ಕಾದಂಬರಿಕಾರ ವಾಲ್ಟರ್ ಸ್ಕಾಟ್‌ನ ಎದುರು, ಕದ ಮುಚ್ಚಿದ ಕೋಣೆಯ ಪೆಟ್ಟಿಗೆಯೊಳಗಿಂದ ಸ್ಕಾಟ್ಲೆಂಡಿನ ಕಿರೀಟ, ಖಡ್ಗ, ರಾಜದಂಡ ಹೊರಬಂದವು. 1845ರಲ್ಲಿ ಡೇನಿಯಲ್ ವಿಲ್ಸನ್ ಎಂಬ ಪುರಾತತ್ವಾಸಕ್ತ, ಎಲ್ಲರೂ ಮರೆತಿದ್ದ ಚಾಪೆಲನ್ನು ಗುರುತಿಸಿದ. ಮುಂದೆ ಪೂರ್ವೇತಿಹಾಸ ಎಂಬ ವಿಷಯಕ್ಕೆ ಇಂಗ್ಲಿಷಿನಲ್ಲಿ ನೆಲೆ ಒದಗಿಸಿದ ಪುಸ್ತಕ ಬರೆದವನೂ ಇವನೇ. 1851–52ರಲ್ಲಿ, ವಿಕ್ಟೋರಿಯಾ ರಾಣಿಯ ಬೆಂಬಲದೊಡನೆ, ಚಾಪೆಲ್ಲಿನ ಜೀರ್ಣೋದ್ಧಾರವಾಯಿತು.

ಆ ಕಾಲದವರಿಗೆ ಇದ್ದದ್ದನ್ನು ಉಳಿಸುವುದಷ್ಟೇ ಸಾಲದಾಗಿತ್ತು; ಕೋಟೆ ಕಾದಂಬರಿಯ ಕೋಟೆಯಂತೆ ಕಾಣಬೇಕಿತ್ತು. ವಾಸ್ತುಶಿಲ್ಪಿ ಡೇವಿಡ್ ಬ್ರೈಸ್, ವಿಕ್ಟೋರಿಯಾಳ ಪತಿ ಪ್ರಿನ್ಸ್ ಆಲ್ಬರ್ಟ್‌ನ ಸ್ಮಾರಕವಾಗಿ 50 ಮೀಟರ್ ಎತ್ತರದ ಗೋಪುರದ ನಕ್ಷೆ ತಂದ. ವಿಕ್ಟೋರಿಯಾ ಬೇಡವೆಂದಳು. ಅವಳು ಒಪ್ಪಿದ್ದರೆ ನಗರದ ಆಕಾಶರೇಖೆಯೇ ಕೆಡುತ್ತಿತ್ತು ಎಂದು ನನಗನ್ನಿಸುತ್ತದೆ. ಪ್ರಕಾಶಕ ವಿಲಿಯಂ ನೆಲ್ಸನ್‌ನ ಹಣದಲ್ಲಿ, 1887ರಿಂದ 1891ರವರೆಗೆ, ಹಿಪ್ಪೊಲೈಟ್ ಬ್ಲಾಂಕ್ ಗ್ರೇಟ್ ಹಾಲನ್ನು ಹೊಸದಾಗಿ ಸಜ್ಜುಗೊಳಿಸಿದ. ಇಂದು ಅಲ್ಲಿ ಕಾಣುವ ಮಧ್ಯಯುಗ ಬಹುಪಾಲು ಅವನ ಕಲ್ಪನೆ.

ಚಾಪೆಲ್ಲಿನ ಕಾಲ ಹೇಳಿದ್ದು ಕಡತವಲ್ಲ, ಕೆತ್ತನೆ. ಒಳಗೆ ಹೋದರೆ ಪೂಜಾಸ್ಥಳವನ್ನು ಬೇರ್ಪಡಿಸುವ ಕಮಾನು. ಅದರ ಅಂಚಿನುದ್ದಕ್ಕೂ ಗರಗಸದ ಹಲ್ಲಿನಂಥ ಅಂಕುಡೊಂಕು ಗೆರೆಗಳು. ಪೂಜಾಸ್ಥಳದ ಕೊನೆ ಒಳಗಿನಿಂದ ಅರ್ಧವೃತ್ತ, ಹೊರಗಿನಿಂದ ನೋಡಿದರೆ ಚಚ್ಚೌಕದ ಗೋಡೆ. ಈ ನಾರ್ಮನ್ ಶೈಲಿಯ ಕೆಲಸ, ಮಾರ್ಗರೆಟ್‌ಳ ಮಗ ಒಂದನೇ ಡೇವಿಡ್ 1128ರಲ್ಲಿ ಶುರುಮಾಡಿಸಿದ ಡನ್‌ಫರ್ಮ್‌ಲಿನ್ ಮಠದ ಚರ್ಚನ್ನು ಹೋಲುತ್ತದೆ. ಹಾಗಾಗಿ ಈಗ ವಿದ್ವಾಂಸರು ಹೇಳುವ ಕಾಲ 1130ರ ಆಸುಪಾಸು: ತಾಯಿಯ ನೆನಪಿಗೆ ಮಗ ಕಟ್ಟಿಸಿದ್ದು. 1922ರಲ್ಲಿ ಡಗ್ಲಸ್ ಸ್ಟ್ರಾಚನ್ ಬಣ್ಣದ ಗಾಜಿನ ಕಿಟಕಿಗಳನ್ನು ಕೂರಿಸಿದ. ಸಂತರ ಸಾಲಿನಲ್ಲಿ ಯೋಧ ವಿಲಿಯಂ ವ್ಯಾಲೇಸ್‌ನೂ ಇದ್ದಾನೆ. ಹೂವಿನ ಅಲಂಕಾರದ ಹೊಣೆ ಇವತ್ತಿಗೂ ಮಾರ್ಗರೆಟ್ ಎಂಬ ಹೆಸರಿನ ಹೆಂಗಸರದು.

ಇಪ್ಪತ್ತನೇ ಶತಮಾನದಲ್ಲಿ ಗಮನ ನೆಲದಡಿಗೆ ಇಳಿಯಿತು. 1912ರಲ್ಲಿ ಹಾಫ್ ಮೂನ್ ಬ್ಯಾಟರಿಯ ಕೆಳಗೆ ಡೇವಿಡ್ ಗೋಪುರದ ಕೋಣೆಗಳು ಸಿಕ್ಕವು. ಅದಕ್ಕಿಂತ ದೊಡ್ಡ ತಿರುವು 1988ರಿಂದ 1991ರವರೆಗಿನ ಉತ್ಖನನದ್ದು. ಅದಕ್ಕೆ ನೆಪ, ವಾಹನಗಳಿಗೆ ಬಂಡೆಯೊಳಗೆ ಕೊರೆಯಬೇಕಿದ್ದ ಸುರಂಗ. ಮಿಲ್ಸ್ ಮೌಂಟ್ ಎಂಬಲ್ಲಿ ಸಿಕ್ಕ ತಿಪ್ಪೆಯಲ್ಲಿ ರೋಮನ್ ಮಡಕೆ ಚೂರು, ಕಂಚಿನ ವಸ್ತು, ಉಡುಪಿಗೆ ಚುಚ್ಚುವ ಪಿನ್ನುಗಳಿದ್ದವು. ಬಂಡೆಯ ಮೇಲಿನ ವಸತಿಯ ಕಾಲ ಕ್ರಿಸ್ತಪೂರ್ವ 900ರ ಸುಮಾರಿಗೆ ಹಿಂದೆ ಹೋಯಿತು. ರಾಜರ ಕಥೆಗಳಿಗಿಂತ ಈ ಕಸವೇ ಹೆಚ್ಚು ಕಲಿಸಿತೆಂದರೆ ಉತ್ಪ್ರೇಕ್ಷೆಯಲ್ಲ. ಮುತ್ತಿಗೆಗಳ ಲೆಕ್ಕವನ್ನೂ ದಾಖಲೆಗಳಿಂದ ಹೊಸದಾಗಿ ಹಾಕಿದ 2014ರ ಸಂಶೋಧನೆ, 1,100 ವರ್ಷಗಳಲ್ಲಿ 26 ಎಂದಿತು.

ಚಾಪೆಲ್ಲಿನ ಮೇಲಿನ ವಾದ ಮಾತ್ರ ಮುಗಿದಿಲ್ಲ. ಅದು ಮೊದಲಿನಿಂದಲೂ ಒಂಟಿ ಕಟ್ಟಡವೇ, ಅಥವಾ ದೊಡ್ಡದೊಂದು ರಾಜಗೋಪುರದ ಭಾಗವಾಗಿತ್ತೇ? ಎರಡನೆಯದು ನಿಜವಾದರೆ ಬ್ರೂಸ್‌ನ ಆಳುಗಳು ಸುತ್ತಲಿನ ಗೋಪುರವನ್ನು ಕೆಡವಿ ನಡುವಿನ ಕೋಣೆಯೊಂದನ್ನು ಇಡಿಯಾಗಿ ಉಳಿಸಿದ್ದು ಹೇಗೆ ಎಂಬುದನ್ನೂ ವಿವರಿಸಬೇಕಾಗುತ್ತದೆ.